ಡಬ್ಬದ ಮುಚ್ಚಳದ ಮೇಲಿನ ಜಿಪಿಎಸ್

ಯಾವುದಾದರೂ ವಸ್ತು ಪುಕ್ಕಟೆಯಾಗಿ ಸಿಕ್ಕಿತೆಂದರೆ ಅದಕ್ಕೊಂದು ಉಪಯೋಗ ಹುಡುಕುವವರೆಗೆ ನನಗೆ ಸಮಾಧಾನವಿರುವುದಿಲ್ಲ. ಇದು ಗುಣವೋ ಕಾಯಿಲೆಯೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ. ಕಚೇರಿಯಲ್ಲಿ ಬೇಡವೆಂದು ಎಸೆದ ಫ್ಯಾನಿನ ರೆಗ್ಯುಲೇಟರನ್ನು ತಂದು ಮಿಕ್ಸಿಗೆ ಜೋಡಿಸಿ, ಚಟ್ನಿಯನ್ನು ನಿಧಾನವಾಗಿ ರುಬ್ಬಿದರೆ ಒರಳಿನ ರುಚಿ ಬರುತ್ತದೆಂದು ಸಾಧಿಸಲು ಹೊರಟಾಗ ಮಿಕ್ಸಿ ಒಂದು ಸಲ ಗೊರಕೆ ಹೊಡೆದು ಶಾಶ್ವತವಾಗಿ ಸುಮ್ಮನಾಯಿತು. ಅಂದಿನಿಂದ ನನ್ನ ಹೆಂಡತಿ ಪದ್ಮ, ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಕಂಡರೆ ಮೊದಲು ಅಡುಗೆಮನೆಯ ಬಾಗಿಲು ಹಾಕುತ್ತಾಳೆ. ಹೀಗಿರುವಾಗ ಹಾಸನದ ನಮ್ಮ ಕಾಲೇಜು ಕಚೇರಿಯ ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಕಾರು ಮಾರಿ, ಅದರ ಮುಂದಿನ ಗಾಜಿಗೆ ಅಂಟಿಸಿದ್ದ ಜಿಪಿಎಸ್ ಪೆಟ್ಟಿಗೆಯನ್ನು "ಇಟ್ಕೊಳ್ಳಿ, ನಿಮಗೇನಾದ್ರೂ ಉಪಯೋಗಕ್ಕೆ ಬರಬಹುದು" ಎಂದು ನನ್ನ ಮೇಜಿನ ಮೇಲಿಟ್ಟು ಹೋದರು. ನನಗೆ ಕಾರಿಲ್ಲ. ಇರುವುದು ಹದಿನಾಲ್ಕು ವರ್ಷದ ಒಂದು ಬೈಕು. ಕಾರಿಲ್ಲದವನಿಗೆ ಕಾರಿನ ಜಿಪಿಎಸ್ ಕೊಟ್ಟವರನ್ನು ನಾನು ದೂರುವುದಿಲ್ಲ, ತೆಗೆದುಕೊಂಡವನ ಕಥೆಯನ್ನಷ್ಟೇ ಹೇಳುತ್ತೇನೆ.

ಅದೇ ಹೊತ್ತಿಗೆ ನಮ್ಮ ಮಗಳು ರಮ್ಯಳ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಬಾಗೂರಿನವರು. ಎಲ್ಲರಿಗೂ ಅನುಕೂಲವೆಂದು ಚನ್ನರಾಯಪಟ್ಟಣದಲ್ಲಿ ಛತ್ರ ಹಿಡಿದಿದ್ದೆವು. ಲಗ್ನಪತ್ರಿಕೆ ಅಚ್ಚಾಗಿ ಬಂದ ಮೇಲೆ ಮೊದಲನೆಯದು ದೇವರ ಮುಂದೆ, ಎರಡನೆಯದು ಹುಡುಗಿಯ ಸೋದರಮಾವನಿಗೆ. ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಅವನೇ ತಾನೆ. ಗಂಡ ಹೆಂಡತಿ ಇಬ್ಬರೂ ಹೋಗಿ, ಕುಂಕುಮ ಕೊಟ್ಟು, ಅಕ್ಷತೆ ಸಮೇತ ಪತ್ರಿಕೆ ಕೈಗಿತ್ತು, "ನೀವೇ ಮುಂದೆ ನಿಂತು ನಡೆಸಿಕೊಡಬೇಕು" ಎನ್ನಬೇಕು. ರಮ್ಯಳಿಗಿರುವುದು ಒಬ್ಬರೇ ಸೋದರಮಾವ: ಪದ್ಮಳ ಅಣ್ಣ ರಂಗಸ್ವಾಮಿ. ಹೊಳೆನರಸೀಪುರದಾಚೆ ಹಳೇಕೋಟೆಯಲ್ಲಿ, ಲೈನ್‌ಮನ್ ಕೆಲಸದಿಂದ ನಿವೃತ್ತರಾಗಿ ತೋಟ ನೋಡಿಕೊಂಡಿದ್ದಾರೆ. ನಾನು ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ. ಎನ್ನುತ್ತಿದ್ದರು ಎನ್ನಬೇಕು, ಏಕೆಂದರೆ ಎರಡು ವರ್ಷದಿಂದ ಅವರು ನಮ್ಮೊಡನೆ ಮಾತು ಬಿಟ್ಟಿದ್ದರು.

ತಪ್ಪು ನನ್ನದೇ. ಹಾಸನದ ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ನಾನು ಅವರನ್ನು ವಾಟ್ಸಾಪಿನಲ್ಲಿ ಕರೆದೆ. ಟೈಲ್ಸಿನವನು, ಪೇಂಟಿನವನು, ನಲ್ಲಿಯವನು ಎಲ್ಲರೂ ಒಟ್ಟಿಗೆ ತಲೆ ತಿನ್ನುತ್ತಿದ್ದ ಕಾಲ, 'ಭಾವ ನಮ್ಮವರೇ ಅಲ್ಲವೇ' ಎಂದುಕೊಂಡೆ. ಅವರು ಬರಲಿಲ್ಲ. ಹೂವಿನ ಕುಂಡದ ಚಿತ್ರವೊಂದನ್ನು ಕಳಿಸಿದರು. ಯಾಕೆ ಹೋಗಲಿಲ್ಲವೆಂದು ಕೇಳಿದವರಿಗೆ, "ಫೋನಲ್ಲಿ ಕರೆದಿದ್ರು, ಫೋನಲ್ಲೇ ಓಗ್ಬಂದೆ ಕಣಪ್ಪ" ಎಂದರಂತೆ. ಆಮೇಲೆ ತೋಟದಲ್ಲಿ ತಾವೂ ಒಂದು ಮನೆ ಕಟ್ಟಿಸಿ, ನಮಗೆ ಹೇಳದೆ ಒಕ್ಕಲಾದರು. ಪದ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಗೌರಿ ಹಬ್ಬದ ದಿನ ಗೇಟಿನ ಸದ್ದಾದಾಗಲೆಲ್ಲ, ಬಾಗಿನ ತರುವ ಅಣ್ಣನೇ ಇರಬಹುದೆಂದು ತಲೆ ಎತ್ತಿ ನೋಡುತ್ತಿದ್ದಳು. ಎರಡು ಹಬ್ಬ ಅದನ್ನು ನೋಡಿ ನನಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಭಾವ ಬರದಿದ್ದರೆ ರಮ್ಯಳ ಕೈ ಹಿಡಿದು ಕರೆತರುವವರು ಯಾರು?

ಆದ್ದರಿಂದ ಬುಧವಾರ, ಹನ್ನೆರಡು ಗಂಟೆಗೆ ರಾಹುಕಾಲ ಹುಟ್ಟುವುದರೊಳಗೆ ಅವರ ಮನೆ ಮುಟ್ಟುವುದೆಂದು ತೀರ್ಮಾನವಾಯಿತು. ತೊಂದರೆಯೆಂದರೆ ನಮಗೆ ಆ ಹೊಸ ಮನೆ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಊರಿನಲ್ಲಿ ಯಾರನ್ನಾದರೂ ಕೇಳೋಣವೆಂದರೆ, ತಂಗಿಗೆ ಸ್ವಂತ ಅಣ್ಣನ ಮನೆಯೇ ಗೊತ್ತಿಲ್ಲವೆಂಬ ಸುದ್ದಿ ನಮಗಿಂತ ಮೊದಲು ಆ ಮನೆ ತಲುಪುತ್ತಿತ್ತು. ಅತ್ತಿಗೆ ಮಾತ್ರ ಗಂಡನ ಕಣ್ಣು ತಪ್ಪಿಸಿ ಮನೆಯ ಲೊಕೇಶನ್ ಕಳಿಸಿದ್ದರು. ಅದನ್ನು ಫೋನಿನಲ್ಲೇ ನೋಡಿಕೊಂಡು ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಆದರೆ ಹಿಂದಿನ ವಾರ ಅಡುಗೆಯವರನ್ನು ಗೊತ್ತು ಮಾಡಲು ಅರಕಲಗೂಡಿಗೆ ಹೋಗಿದ್ದಾಗ, ಹ್ಯಾಂಡಲಿಗೆ ಸಿಕ್ಕಿಸಿದ್ದ ನನ್ನ ಫೋನು ಒಂದು ಉಬ್ಬಿನಲ್ಲಿ ಹಾರಿ ಬಿದ್ದು, ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನ ಚಕ್ರದಡಿ ಸೇರಿತ್ತು. ಪದ್ಮ ತನ್ನ ಫೋನನ್ನು ಹ್ಯಾಂಡಲಿನ ಹತ್ತಿರಕ್ಕೂ ಬಿಡಲಿಲ್ಲ. ಆಗ ನೆನಪಾಯಿತು, ಪುಕ್ಕಟೆ ಸಿಕ್ಕ ಪೆಟ್ಟಿಗೆ.

ಪೆಟ್ಟಿಗೆಯ ಒಳಗಿನ ಬ್ಯಾಟರಿ ಸತ್ತಿತ್ತು. ಹೊರಗಿನ ಕರೆಂಟು ಇದ್ದಷ್ಟು ಹೊತ್ತು ಉಸಿರಾಡುತ್ತದೆ. ವೈರು ಕಿತ್ತರೆ ಆ ಕ್ಷಣವೇ ಕಣ್ಣು ಮುಚ್ಚಿ, ಹೊರಟಿದ್ದ ಊರನ್ನೂ ಮರೆಯುತ್ತದೆ. ನಮ್ಮ ಏರಿಯಾದ ಮೆಕ್ಯಾನಿಕ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕಾರಿಂದು ಕಾರಿಗೇ ಇರ್ಲಿ ಬುಡಿ ಸಾ" ಎಂದು ಕೈತೊಳೆದುಕೊಂಡ. ಅವನಿಗೆ ಧೈರ್ಯ ಸಾಲದು ಎಂದುಕೊಂಡು ಭಾನುವಾರ ನಾನೇ ಕುಳಿತೆ. ಮೊದಲ ಪ್ರಶ್ನೆ, ಕೂರಿಸುವುದೆಲ್ಲಿ? ಗಾಜಿಗೆ ಅಂಟುವ ರಬ್ಬರಿನ ಬಟ್ಟಲು ಅದರ ಕಾಲು. ಬೈಕಿಗೆ ಗಾಜೆಲ್ಲಿ? ಪೆಟ್ರೋಲ್ ಟ್ಯಾಂಕಿಗೆ ಅಂಟಿಸಿದರೆ ಪೆಟ್ಟಿಗೆ ಆಕಾಶ ನೋಡಿತು. ಸ್ಪೀಡೋಮೀಟರಿನ ಗಾಜಿಗೆ ಅಂಟಿಸಿದರೆ ಹತ್ತು ಎಣಿಸುವುದರೊಳಗೆ ಕಳಚಿತು. ನುಣ್ಣಗಿರುವ, ಗಟ್ಟಿಯಾದ, ಚಪ್ಪಟೆ ಲೋಹ ಬೇಕಿತ್ತು. ಅಂಥದ್ದು ಮನೆಯಲ್ಲಿ ಒಂದೇ ಇತ್ತು, ಅಕ್ಕಿ ಡಬ್ಬದ ಸ್ಟೀಲ್ ಮುಚ್ಚಳ. ಪದ್ಮ ಸಂತೆಗೆ ಹೋಗಿದ್ದಳು. ಮುಚ್ಚಳಕ್ಕೆ ಎರಡು ತೂತು ಕೊರೆದು ಹ್ಯಾಂಡಲಿಗೆ ಬೋಲ್ಟು ಬಿಗಿದೆ. ಮುಚ್ಚಳದ ಹೊರಮೈಯಲ್ಲಿ, ಪಾತ್ರೆ ಅಂಗಡಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತಾರಲ್ಲ, ಹಾಗೆ ಏನೋ ಬರೆದಿತ್ತು. ಆ ಚುಕ್ಕೆಗಳ ಮೇಲೆ ರಬ್ಬರು ಹಿಡಿಯಲಿಲ್ಲ. ಅದಕ್ಕೆ ಬರಹದ ಮೈಯನ್ನು ರಸ್ತೆಯ ಕಡೆಗೆ ತಿರುಗಿಸಿ, ನುಣ್ಣನೆಯ ಒಳಮೈಗೆ ಪೆಟ್ಟಿಗೆ ಅಂಟಿಸಿದೆ. ಕಲ್ಲಿನ ಹಾಗೆ ನಿಂತಿತು.

ಇನ್ನು ಕರೆಂಟು. ಕಾರಿನದೂ ಹನ್ನೆರಡು ವೋಲ್ಟ್, ಬೈಕಿನದೂ ಹನ್ನೆರಡು ವೋಲ್ಟ್, ಇಲ್ಲಿ ಬಡವ ಬಲ್ಲಿದ ಭೇದವಿಲ್ಲವೆಂದು ತಿಳಿದು ನನಗೆ ಬಹಳ ಸಂತೋಷವಾಯಿತು. ಕಾರಿನ ಚಾರ್ಜರು ಕೂರುವ ಸಾಕೆಟ್ಟೊಂದನ್ನು ಕೊಂಡುತಂದು, ಬೈಕಿನ ಬಲಮಗ್ಗುಲಲ್ಲಿ ಕುಕ್ಕರಗಾಲಿನಲ್ಲಿ ಕೂತು, ಟೆಸ್ಟರ್ ಬಲ್ಬಿನಿಂದ ಒಂದೊಂದೇ ವೈರು ಮುಟ್ಟಿ ನೋಡಿದೆ. ಒಂದು ವೈರು ಮುಟ್ಟಿದಾಗ ಬಲ್ಬು ಜಗ್ಗನೆ ಹೊತ್ತಿತು. ಅದಕ್ಕೇ ಜೋಡಿಸಿದೆ. ಪೆಟ್ಟಿಗೆ ಎಚ್ಚೆತ್ತು, ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿ, ನಿಮ್ಮ ಮನೆ ಯಾವುದೆಂದು ಕೇಳಿತು. ನಮ್ಮ ಮನೆಯನ್ನು ಅದರಲ್ಲಿ ಕಾಯಂ ಆಗಿ ದಾಖಲಿಸಿದೆ. ಆಗ ನನ್ನ ಮೊಣಕಾಲು ಬ್ರೇಕಿನ ಪೆಡಲಿಗೆ ಒತ್ತಿಕೊಂಡಿತ್ತು ಎಂಬುದು ನನ್ನ ಗಮನಕ್ಕೆ ಬರಲಿಲ್ಲ.

ಬುಧವಾರ ಬೆಳಿಗ್ಗೆ ಪದ್ಮ ರೇಷ್ಮೆ ಸೀರೆಯುಟ್ಟು, ಕುಂಕುಮದ ಭರಣಿ, ಹಣ್ಣು, ಪತ್ರಿಕೆಗಳ ಚೀಲ ಹಿಡಿದು ಹೊರಗೆ ಬಂದವಳು ಬೈಕಿನ ಮುಂದೆ ನಿಂತಳು. ಮೂರು ದಿನದಿಂದ ಮನೆಯೆಲ್ಲ ಹುಡುಕುತ್ತಿದ್ದ ಮುಚ್ಚಳವನ್ನು ನೋಡಿದಳು. "ಇದು ಯಾವ ಮುಚ್ಚಳ ಗೊತ್ತೇನ್ರೀ?" ಎಂದು ಕೇಳಿದಳು. "ಅಕ್ಕಿ ಡಬ್ಬದ್ದು," ಎಂದೆ. "ಓದಿ." ಬಗ್ಗಿ ಓದಿದೆ. 'ತಂಗಿ ಪದ್ಮಳಿಗೆ ಅಣ್ಣ ರಂಗಸ್ವಾಮಿಯಿಂದ' ಎಂದಿತ್ತು. ನಮ್ಮ ಮದುವೆಗೆ ಭಾವ ಕೊಟ್ಟ ಡಬ್ಬ. ಇಪ್ಪತ್ತೇಳು ವರ್ಷ ಅದರಿಂದ ತೆಗೆದ ಅಕ್ಕಿಯ ಅನ್ನ ಉಂಡಿದ್ದೇನೆ, ಒಂದು ದಿನವೂ ಓದಿರಲಿಲ್ಲ. ಬಿಚ್ಚಿದರೆ ಪೆಟ್ಟಿಗೆಗೆ ಜಾಗವಿಲ್ಲ, ಪೆಟ್ಟಿಗೆಯಿಲ್ಲದಿದ್ದರೆ ದಾರಿಯಿಲ್ಲ. "ಊರ ಹತ್ತಿರ ಬಂದಾಗ ಟವೆಲ್ ಮುಚ್ಚೋಣ," ಎಂದೆ. ಅವಳು ಚೀಲ ಮಡಿಲಿಗೆ ಎಳೆದುಕೊಂಡು ಹಿಂದೆ ಹತ್ತಿದಳು.

ಬೈಕಿನ ಮೇಲೆ ಕೂತು, ಬ್ರೇಕು ಹಿಡಿದುಕೊಂಡೇ ಭಾವನ ಮನೆಯ ಲೊಕೇಶನ್ನಿನ ಅಂಕಿಗಳನ್ನು ತುಂಬಿದೆ. ಪೆಟ್ಟಿಗೆ ದಾರಿ ತೋರಿಸಿತು. ಬ್ರೇಕು ಬಿಟ್ಟು ಹೊರಟ ಕೂಡಲೇ ಸತ್ತಿತು. ಮೊದಲ ಉಬ್ಬಿನ ಹತ್ತಿರ ತಾನಾಗಿ ಎದ್ದು ನಮಸ್ಕಾರ ಹೇಳಿತು. ಅಷ್ಟರಲ್ಲಿ ಭಾವನ ಮನೆ ಅದಕ್ಕೆ ಮರೆತುಹೋಗಿತ್ತು, ನೆನಪಿದ್ದದ್ದು ನಮ್ಮ ಮನೆ ಮಾತ್ರ. "ಸಾಧ್ಯವಾದ ಕಡೆ ಹಿಂದಕ್ಕೆ ತಿರುಗಿ," ಎಂದು ಇಂಗ್ಲಿಷಿನಲ್ಲಿ ನಯವಾಗಿ ಹೇಳಿ ಮತ್ತೆ ಸತ್ತಿತು. ಹಾಸನದಿಂದ ಹೊಳೆನರಸೀಪುರದವರೆಗೆ ಉಬ್ಬುಗಳಿಗೇನು ಬರವೇ? ಪ್ರತಿ ಉಬ್ಬಿಗೂ ಪೆಟ್ಟಿಗೆಯೊಳಗಿನ ಆ ಹೆಂಗಸು ಎದ್ದು ಹಿಂದಕ್ಕೆ ಹೋಗೆಂದಳು. ಲೂಸ್ ಕಾಂಟ್ಯಾಕ್ಟ್ ಇರಬೇಕೆಂದು ನಾನು ಎರಡು ಕಡೆ ನಿಲ್ಲಿಸಿ ವೈರು ಅಲ್ಲಾಡಿಸಿದೆ. ಕೊನೆಗೆ ಪದ್ಮ ಹಿಂದಿನಿಂದ, "ನೀವು ಬ್ರೇಕ್ ಹಾಕಿದಾಗ ಮಾತ್ರ ಅದು ಮಾತಾಡ್ತಿದೆ," ಎಂದಳು. ನಾನು ಜೋಡಿಸಿದ್ದು ಬ್ರೇಕ್ ಲೈಟಿನ ವೈರಿಗೆ.

ಬುದ್ಧಿವಂತನಾದವನು ಅಲ್ಲಿಗೆ ಬಿಡುತ್ತಿದ್ದ. ನಾನು ಹೊಳೆನರಸೀಪುರ ದಾಟಿದ ಮೇಲೆ ಅಂಕಿಗಳನ್ನು ಮತ್ತೆ ತುಂಬಿ, ಬ್ರೇಕನ್ನು ಚೂರು ಒತ್ತಿ ಹಿಡಿದೇ ಬೈಕು ಓಡಿಸಿದೆ. ಪೆಟ್ಟಿಗೆ ಒಳ್ಳೆಯ ಹುಡುಗಿಯಂತೆ ದಾರಿ ಹೇಳತೊಡಗಿತು. ಹಿಂದೆ ಬರುವವರಿಗೆ ಮಾತ್ರ ನನ್ನ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಈಗ ನಿಲ್ಲಿಸುತ್ತಾನೆ, ಈಗ ನಿಲ್ಲಿಸುತ್ತಾನೆ ಎಂದು ಕಾದು ಬೇಸತ್ತ ಒಬ್ಬ ಪಕ್ಕದಲ್ಲಿ ಬಂದು, "ನಿಲ್ಸಾದಾದ್ರೆ ನಿಲ್ಸು, ಓಗಾದಾದ್ರೆ ಓಗು," ಎಂದು ಉಪದೇಶ ಮಾಡಿ ಹೋದ. ಹಳೇಕೋಟೆ ಹತ್ತಿರವಾಗುತ್ತಿದ್ದಂತೆ ಸುಟ್ಟ ವಾಸನೆ ಬಂತು. ಹಿಂದಿನ ಚಕ್ರ ಕಾದು ಬಿಗಿದುಕೊಂಡು, ತೋಟಗಳ ನಡುವಿನ ಮಣ್ಣುದಾರಿಯಲ್ಲಿ ಬೈಕು ನಿಂತೇಬಿಟ್ಟಿತು. ಗಂಟೆ ಹನ್ನೊಂದೂವರೆ. ಎಲ್ಲ ಕಡೆ ಒಂದೇ ಥರದ ತೆಂಗಿನ ಮರ. ಪದ್ಮಳ ಕಣ್ಣಲ್ಲಿ ನೀರು ನೋಡಿ ನನ್ನ ಜಂಬವೆಲ್ಲ ಇಳಿಯಿತು.

ಹುಲ್ಲಿನ ಹೊರೆ ಹೊತ್ತ ಒಬ್ಬ ಮುದುಕ ಬಂದ. ದಾರಿ ಕೇಳಲೇಬೇಕಾಯಿತು. ಆದರೂ ಗುಟ್ಟು ಬಿಡಬಾರದೆಂದು, "ಇಲ್ಲಿ ಯಾರೋ ರಿಟೈರಾದ ಲೈನ್‌ಮನ್ ಒಬ್ಬರಿದ್ದಾರಂತಲ್ಲ, ಮೋಟರ್ ವಿಷಯ ಮಾತಾಡಬೇಕಿತ್ತು," ಎಂದೆ. ಅವನು ನನ್ನನ್ನು ಬಿಟ್ಟು ಪದ್ಮಳನ್ನು ನೋಡಿದ. "ನೀನು ರಂಗಣ್ಣನ ತಂಗಿ ಅಲ್ವೇನವ್ವ? ಅಣ್ಣನ ಮನೆ ದಾರಿ ಕೇಳೀಯಲ್ಲವ್ವ," ಎಂದ. ಹೊರೆ ಇಳಿಸದೆಯೇ ಬೇಲಿಯ ಕಡೆ ತಿರುಗಿ, "ರಂಗಣ್ಣೋ, ನಿನ್ ತಂಗಿ ಬಂದವ್ಳೆ ನೋಡ್ಲಾ," ಎಂದು ಕೂಗಿದ. ಮನೆ ಬೇಲಿಯ ಆಚೆಗೇ ಇತ್ತು.

ಭಾವ ಬಂದರು. ಟವೆಲು ಮುಚ್ಚುವುದು ಮರೆತೇ ಹೋಗಿತ್ತು. ಅವರು ತಂಗಿಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಆಮೇಲೆ ಬೈಕನ್ನು ನೋಡಿದರು, ಹತ್ತಿರ ಬಂದು ಬಗ್ಗಿ ಮುಚ್ಚಳ ಓದಿದರು. ಒಡಹುಟ್ಟಿದವಳಿಗೆ ಕೊಟ್ಟ ಉಡುಗೊರೆಗೆ ತೂತು ಕೊರೆದವನಿಗೆ ಯಾವ ಭಾವ ಕ್ಷಮೆ ಕೊಟ್ಟಾನು? ಅವರು ಬೆರಳಿನಿಂದ ಅಕ್ಷರಗಳನ್ನು ಸವರಿ, "ಇದಿನ್ನೂ ಅದೆಯಾ ಪದ್ದಿ?" ಎಂದರು. "ದಿನಾ ಅದರಲ್ಲೇ ಅಕ್ಕಿ ಇಡೋದು ಅಣ್ಣ," ಎಂದಳು ಪದ್ಮ. ಭಾವ ಎರಡು ವರ್ಷದ ಮೇಲೆ ನನ್ನ ಮುಖ ನೋಡಿದರು. "ಆಸನದಿಂದ ನನ್ನೆಸರು ಮುಂದಿಟ್ಕಂಡು ಬಂದವ್ರೆ ನಮ್ ಬಾವ," ಎಂದು ಮುದುಕನಿಗೆ ಹೇಳಿದರು. ರಬ್ಬರು ಹಿಡಿಯಲಿಲ್ಲವೆಂದು ತಿರುಗಿಸಿದ್ದೆ ಎಂಬ ಸತ್ಯ ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ಅಲ್ಲೇ ನಿಲ್ಲಿಸಿದೆ. ಅಂದಿನ ಮಟ್ಟಿಗೆ ಸರಿಯಾಗಿ ಬಿದ್ದ ಬ್ರೇಕು ಅದೊಂದೇ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಪತ್ರಿಕೆ ಅವರ ಕೈಸೇರಿತು. ಅತ್ತಿಗೆ ಒಬ್ಬಟ್ಟಿಗೆ ಕಣಕ ಕಲಸಿದರು. ಭಾವ ಟೆಸ್ಟರ್ ಹಿಡಿದು ಬೈಕಿನ ಪಕ್ಕ ಕೂತು, "ಬ್ರೇಕ್ ಲೈಟಿಂದ ಕರೆಂಟ್ ತಗಂಡಿದೀರಲ್ಲ ಬಾವ, ಓದಿದೋರು ನೀವು," ಎಂದು ಎರಡು ಗಂಟೆ ಕಾಲ ನನ್ನನ್ನು ಬೈದರು. ಎರಡು ವರ್ಷ ಬೈಯದೆ ಉಳಿಸಿಕೊಂಡಿದ್ದರಲ್ಲ, ಎಲ್ಲ ಸೇರಿಸಿ ಬೈದರು. ಬೈಗುಳ ಕೇಳುತ್ತ ಅಷ್ಟು ಹಾಯಾಗಿ ನಾನು ಎಂದೂ ಕೂತಿರಲಿಲ್ಲ. ವೈರನ್ನು ಸರಿಯಾದ ಕಡೆ ಹಾಕಿದ ಮೇಲೆ ಪೆಟ್ಟಿಗೆ ಸಾಯದೆ ನಿಂತಿತು. ಅದನ್ನವರು ನೋಡುತ್ತಿದ್ದ ರೀತಿ ನೋಡಿ, "ನೀವೇ ಇಟ್ಕೊಳ್ಳಿ ಭಾವ, ಮದುವೆಗೆ ಇದನ್ನ ಹಾಕ್ಕೊಂಡೇ ಬನ್ನಿ," ಎಂದೆ. ಛತ್ರದ ವಿಳಾಸವನ್ನು ನಾನೇ ತುಂಬಿಕೊಟ್ಟು, ವೈರು ಬಿಚ್ಚಿ, ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ಅವರಿಗೆ ಒಪ್ಪಿಸಿದೆ.

ವೈರು ಬಿಚ್ಚಿ ಎಂದೆನಲ್ಲ, ಅಲ್ಲಿ ಗಮನಿಸಿ. ನಾನು ಗಮನಿಸಲಿಲ್ಲ.

ಮದುವೆಗೆ ಅತ್ತಿಗೆ ಹಿಂದಿನ ದಿನವೇ ಬಂದರು. ಹಸು ಕರೆದು ಬೆಳಿಗ್ಗೆ ಬರುತ್ತೇನೆಂದಿದ್ದರು ಭಾವ. ಮುಹೂರ್ತ ಹತ್ತೂ ಮುಕ್ಕಾಲಿಗೆ. ಒಂಬತ್ತೂವರೆಯಾದರೂ ಅವರಿಲ್ಲ. ಪದ್ಮ ಛತ್ರದ ಬಾಗಿಲನ್ನು ನೋಡಿದಳು, ಗೌರಿ ಹಬ್ಬದಲ್ಲಿ ಗೇಟು ನೋಡುತ್ತಿದ್ದ ಹಾಗೆಯೇ. ಅಷ್ಟರಲ್ಲಿ ನನ್ನ ಹೊಸ ಫೋನಿಗೆ ಕರೆ ಬಂತು. "ಬಾವ, ನಾನು ಆಸನದಲ್ಲಿ ನಿಮ್ಮನೆ ಮುಂದವ್ನಿ. ಬೀಗ ಆಕದೆ," ಎಂದರು ಭಾವ. ತಾಲ್ಲೂಕಿನ ಒಂದೊಂದು ಕಂಬವನ್ನೂ ಹತ್ತಿಳಿದ ಮನುಷ್ಯ, ಚನ್ನರಾಯಪಟ್ಟಣದ ದಾರಿ ಗೊತ್ತಿಲ್ಲವೇ ಎಂದು ಕೇಳಿದೆ. "ಗೊತ್ತಿಲ್ದೆ ಏನು ಬಾವ. ಆದ್ರೆ ನೀವಾಗಿ ತುಂಬ್ಕೊಟ್ಟಿದ್ರಿ. ಅದು ಏಳಿದ್ ದಾರೀಲಿ ಬರ್ದಿದ್ರೆ ನೀವು ಬ್ಯಾಸ್ರ ಮಾಡ್ಕತೀರೇನೋ ಅಂತ." ಎರಡು ವರ್ಷದ ಹಿಂದೆ ಗೃಹಪ್ರವೇಶಕ್ಕೆ ಬರದ ಭಾವ, ರೇಷ್ಮೆ ಪಂಚೆಯುಟ್ಟು ಕೊನೆಗೂ ನಮ್ಮ ಮನೆಗೆ ಬಂದಿದ್ದರು. ನಾವೇ ಇರಲಿಲ್ಲ.

ಹತ್ತೂವರೆಗೆ ಪುರೋಹಿತರು "ಸೋದರಮಾವ ಎಲ್ಲಿ?" ಎಂದು ಎರಡನೆಯ ಸಲ ಕೂಗುವಾಗ ಭಾವ ಪಂಚೆ ಎತ್ತಿಕಟ್ಟಿ, ಹೆಲ್ಮೆಟ್ ತೆಗೆಯುತ್ತಲೇ ಒಳಗೆ ಬಂದರು. ಅತ್ತಿಗೆ ಅವರ ತಲೆಗೆ ಪೇಟ ಇಟ್ಟರು. ರಮ್ಯಳ ಕೈ ಹಿಡಿದು ಅವರು ಮಂಟಪಕ್ಕೆ ನಡೆದಾಗ ಪದ್ಮ ಅತ್ತಳು. ನಾನೂ ಅತ್ತೆ. ಹೋಮದ ಹೊಗೆಯಿಂದ ಎಂದು ಹೇಳಿಕೊಂಡೆ.

ಊಟದ ಪಂಕ್ತಿಯಲ್ಲಿ ಭಾವ ನನ್ನ ಪಕ್ಕದಲ್ಲೇ ಕೂತರು. "ಮನೆ ಚೆನ್ನಾಗ್ ಕಟ್ಸಿದೀರಿ ಬಾವ, ಸುತ್ತಾಕಿ ನೋಡ್ದೆ. ಆದ್ರೆ ಆ ಗೇಟಿನ ಲೈಟಿಗೆ ವೈರ್ ಎಳ್ದಿರೋನು ಯಾವನು? ಅವನ್ನ ಒಂದ್ಸಲ ನಂಗೆ ತೋರ್ಸಿ," ಎಂದರು. ನಾನು ಎಲೆಯ ಮೇಲಿನ ಪಾಯಸದಲ್ಲಿ ಬಹಳ ಆಸಕ್ತಿ ತೋರಿಸುತ್ತ, "ಹಾಸನದಲ್ಲಿ ಒಬ್ಬ ಇದ್ದಾನೆ ಭಾವ," ಎಂದೆ.

"ಪುಕ್ಕಟೆಯಾಗಿ ಸಿಕ್ಕಿದೋನು ಅಣ್ಣ," ಎಂದಳು ತುಪ್ಪ ಬಡಿಸಲು ಬಂದ ಪದ್ಮ. "ಏನು ಉಪಯೋಗಕ್ಕೆ ಬರ್ತಾನೆ ಅಂತ ಇಪ್ಪತ್ತೇಳು ವರ್ಷದಿಂದ ಹುಡುಕ್ತಾ ಇದೀನಿ."