ತೊಟ್ಟಿಲ ಮೇಲಿನ ಇಪ್ಪತ್ತೊಂದು ಕೋಳಿಮರಿ

ನನ್ನ ಮೊಮ್ಮಗಳು ನಕ್ಕಳು! ಸುಮ್ಮನೆ ತುಟಿ ಅಗಲಿಸಿದ್ದಲ್ಲ ಸ್ವಾಮಿ, ಹೊಟ್ಟೆ ಕುಣಿಸಿಕೊಂಡು, ಕೇಕೆ ಹಾಕಿ, ಬೀದಿಗೆ ಕೇಳುವಂತೆ ನಕ್ಕಳು! ಹುಟ್ಟಿ ಮೂರು ತಿಂಗಳಾದ ಮೇಲೆ ಇದೇ ಮೊದಲು. ಹೊಂಗನೂರಿನಲ್ಲಿ ಈ ಸುದ್ದಿ ಕೇಳದವರು ಯಾರೂ ಉಳಿದಿಲ್ಲ. ಚನ್ನಪಟ್ಟಣದ ಬಸ್ಸಿನ ಕಂಡಕ್ಟರಿಗೂ ಹೇಳಿದೆ. "ಟಿಕೆಟ್ ಎಲ್ಲಿಗೆ ಅಂತ ಹೇಳಿ ಯಜಮಾನ್ರೇ" ಅಂದ. ಪಾಪ, ಅವನಿಗಿನ್ನೂ ಮೊಮ್ಮಕ್ಕಳಿಲ್ಲ.

ಆ ನಗುವಿಗೆ ಕಾರಣ ನನ್ನ ಹೊಲಿಗೆ. ಹೌದು, ನಾಲ್ಕನೇ ಕ್ಲಾಸಿಗೆ ಶರಣು ಹೊಡೆದು ಹಿಪ್ಪುನೇರಳೆ ತೋಟಕ್ಕೆ ಇಳಿದ ಈ ಚಿಕ್ಕಣ್ಣ, ಅರವತ್ತೆಂಟನೇ ವಯಸ್ಸಿನಲ್ಲಿ ಹೊಲಿಗೆ ಕಲಿತಿದ್ದಾನೆ. ಯಾಕೆ ಕಲಿತೆ ಅಂತ ಮೊದಲು ಹೇಳಿಬಿಡುತ್ತೇನೆ.

ಮಗಳು ಶ್ವೇತ ಬಾಣಂತನಕ್ಕೆ ಬಂದಿದ್ದಳು. ಮಗು ಅಜ್ಜಿಯನ್ನು ಕಂಡರೆ ಸುಮ್ಮನಿರುತ್ತಿತ್ತು, ಹಸುವನ್ನು ಕಂಡರೆ ಕಣ್ಣರಳಿಸುತ್ತಿತ್ತು. ನನ್ನನ್ನು ಕಂಡರೆ ಮಾತ್ರ ಕಿಟಾರನೆ ಕಿರುಚುತ್ತಿತ್ತು! ಎತ್ತಿಕೊಂಡರಂತೂ ಪಕ್ಕದ ಮನೆಯವರು ಬಾಗಿಲಿಗೆ ಬರುತ್ತಿದ್ದರು.

"ನಿಮ್ ಮೀಸೆ ನೋಡಿ ಹೆದರ್ಕತ್ತದೆ ಕಣ. ಬೋಳಿಸ್ಬುಡಿ ಅತ್ಲಾಗೆ" ಅಂದಳು ನನ್ನ ಹೆಂಡತಿ ಜಯಮ್ಮ.

ನಲವತ್ತು ವರ್ಷ ಎಣ್ಣೆ ಹಾಕಿ ಸಾಕಿದ ಮೀಸೆ! ಬೋಳಿಸುವುದಕ್ಕಿಂತ ಹೊಲಿಗೆ ಕಲಿಯುವುದೇ ಸುಲಭ ಎಂದು ನಾನು ಗಂಭೀರವಾಗಿ ಆಲೋಚಿಸಿ ತೀರ್ಮಾನಿಸಿದೆ. ನನ್ನ ಕೈಯಾರೆ ಗೊಂಬೆ ಮಾಡಿ ಕೊಟ್ಟರೆ ಮಗು ಒಲಿಯದೆ ಎಲ್ಲಿ ಹೋದೀತು? ನಾಮಕರಣದ ಮಾರನೆಯ ದಿನವೇ ಮಗಳು ಕನಕಪುರಕ್ಕೆ, ಗಂಡನ ಮನೆಗೆ ಹೊರಡುವವಳು. ಅಷ್ಟರೊಳಗೆ ಮಗು ನನ್ನನ್ನು ನೋಡಿ ಒಂದು ಸಲವಾದರೂ ನಗದಿದ್ದರೆ, ತಾತ ಅನ್ನುವವನು ಅದರ ಪಾಲಿಗೆ ಬರೀ ಒಂದು ಮೀಸೆಯಾಗಿಬಿಡುತ್ತಾನೆ!

"ಚನ್ನಪಟ್ಣದಲ್ಲಿ ಅಷ್ಟೊಂದು ಬಣ್ಣದ ಬೊಂಬೆ ಮಾರ್ತಾರೆ, ತಂದ್ಕೊಡಪ್ಪ" ಅಂದಳು ಮಗಳು.

"ಅದು ಅಂಗ್ಡಿಯವ್ನ ಬೊಂಬೆ ಆಯ್ತದೆ. ತಾತನ ಬೊಂಬೆ ಆಗಾಕಿಲ್ಲ" ಅಂದೆ.

ಜಯಮ್ಮನ ಹಳೇ ಹೊಲಿಗೆ ಮಿಷನ್ನಿನ ಮುಂದೆ ಕೂತು ಪೆಡಲು ತುಳಿದೆ ನೋಡಿ, ಏನು ಖುಷಿ! ಗಡಗಡ ಅಂತ ಅದು ಓಡುವಾಗ ಎತ್ತಿನ ಗಾಡಿ ಇಳಿಜಾರಿನಲ್ಲಿ ಬಿಟ್ಟಂತೆ. ನಿಲ್ಲಿಸುವುದು ಹೇಗೆಂದು ಮಾತ್ರ ಮೊದಲ ದಿನ ಗೊತ್ತಾಗಲಿಲ್ಲ. ಹಳೇ ಲುಂಗಿ ಕತ್ತರಿಸಿ, ಹತ್ತಿ ತುಂಬಿ, ಎರಡು ದಿನ ದುಡಿದು ಒಂದು ಆನೆ ಮಾಡಿದೆ. ನನ್ನ ಸಮವಯಸ್ಕ, ಪಕ್ಕದ ಮನೆಯ ನಿಂಗೇಗೌಡ ಬಂದು ಇಣುಕಿದ.

"ಏನ್ಲಾ ಚಿಕ್ಕಣ್ಣ, ಹಂದಿ ಮಾಡಿದ್ದೀಯಾ?"

"ಆನೆ ಕಣ್ಲಾ!"

"ಹಂಗಾರೆ ಸೊಂಡ್ಲು ಯಾಕ್ಲಾ ಹಿಂದ್ಗಡೆ ಐತೆ?"

"ಅದು ಹಿಂದಿರುಗಿ ನೋಡ್ತಾ ಐತೆ" ಎಂದು ಘನತೆಯಿಂದ ಹೇಳಿ, ಮಗುವಿಗೆ ತೋರಿಸಲು ಎದ್ದೆ. ಆನೆಯೂ ಎದ್ದಿತು. ನನ್ನ ಪಂಚೆಯೂ ಎದ್ದಿತು! ಆನೆಯ ಹೊಟ್ಟೆಯ ಜೊತೆಗೆ ನನ್ನ ಪಂಚೆಯ ಅಂಚನ್ನೂ ಸೇರಿಸಿ ಭದ್ರವಾಗಿ ಹೊಲಿದುಬಿಟ್ಟಿದ್ದೆ. ನಿಂಗೇಗೌಡ ಕಂಬ ಹಿಡಿದುಕೊಂಡು ನಕ್ಕ. ಮಗು ಕಿರುಚಿತು.

ಆಮೇಲೆ ಮೊಲ. ಹತ್ತಿ ಮುಗಿದಿತ್ತು, ರಾಗಿ ತುಂಬಿದೆ. ಜಗಲಿಯ ಮೇಲಿಟ್ಟು ನೀರು ಕುಡಿದು ಬರುವಷ್ಟರಲ್ಲಿ ನಮ್ಮ ಕೋಳಿಗಳು ಮೊಲದ ಕರುಳು ಬಗೆದು ಊಟ ಮುಗಿಸಿದ್ದವು. ಅದೂ ಹೋಗಲಿ ಅಂದರೆ, ಮೊಲದ ಚರ್ಮ ನೋಡಿ ಜಯಮ್ಮ ಎದೆ ಬಡಿದುಕೊಂಡಳು.

"ಅಯ್ಯೋ ನಿಮ್ ಮನೆ ಕಾಯೋಗ! ಬೀಗಿತ್ತಿಗೆ ಮಡ್ಲು ತುಂಬಕ್ಕೆ ಮಡಗಿದ್ ರವ್ಕೆ ಕಣ ಅದು!"

ನನಗೆ ಹೇಗೆ ಗೊತ್ತಾಗಬೇಕು? ಬಟ್ಟೆ ಚೆನ್ನಾಗಿತ್ತು, ಕತ್ತರಿಸಿದೆ.

ಇಷ್ಟಕ್ಕೆ ಸೋಲುವ ಕುಲ ನಮ್ಮದಲ್ಲ. ಅದೇ ವಾರ ನಮ್ಮ ರೇಷ್ಮೆಹುಳ ಗೂಡು ಕಟ್ಟಿತ್ತು. ಚಂದ್ರಿಕೆ ಅನ್ನುವ ಬಿದಿರ ತಟ್ಟೆಯಿಂದ ಗೂಡು ಬಿಡಿಸುತ್ತಾ ಕೂತಿದ್ದಾಗ ನೋಡುತ್ತೇನೆ, ಒಂದೊಂದು ರೇಷ್ಮೆಗೂಡೂ ಅರಿಶಿನದ ಬಣ್ಣ, ಕೈಯಲ್ಲಿ ಹಿಡಿದರೆ ದುಂಡಗೆ, ಮೆತ್ತಗೆ. ಥೇಟ್ ಕೋಳಿಮರಿ! ತಲೆಯಲ್ಲಿ ದೀಪ ಹತ್ತಿತು. ಒಳ್ಳೊಳ್ಳೆಯ ಇಪ್ಪತ್ತೊಂದು ಗೂಡು ಆರಿಸಿ ಬಚ್ಚಿಟ್ಟೆ. ಕೆಂಪು ಬಟ್ಟೆಯ ಕೊಕ್ಕು, ಸಾಸಿವೆಯಷ್ಟು ಕರಿಮಣಿಯ ಕಣ್ಣು, ಎರಡು ಪುಟ್ಟ ರೆಕ್ಕೆ. ಒಳಗಿನ ಹುಳಕ್ಕೆ ನೋವಾಗಬಾರದೆಂದು ಮೇಲಿನ ಪದರದಲ್ಲೇ ಸೂಜಿ ಆಡಿಸಿದೆ. ನನ್ನಂಥ ದಯಾವಂತ ಇನ್ನೊಬ್ಬನಿಲ್ಲ! ಆ ನಾಲ್ಕು ದಿನ ಊಟ ತಿಂಡಿಯ ಮೇಲೂ ಧ್ಯಾನವಿರಲಿಲ್ಲ. ಒಂದು ಮರಿಗೆ ಕಣ್ಣು ಕೂರಿಸಿದ ಕೂಡಲೇ ಅದು ನನ್ನನ್ನೇ ನೋಡುತ್ತಿತ್ತು, ನಾನು ಅದಕ್ಕೆ "ಏನವ್ವಾ" ಅನ್ನುತ್ತಿದ್ದೆ. ಕೊನೆಗೆ ಇಪ್ಪತ್ತೊಂದನ್ನೂ ದಾರಕ್ಕೆ ಪೋಣಿಸಿ ತೋರಣ ಮಾಡಿದೆ.

ಸತ್ಯವಾಗಿ ಹೇಳುತ್ತೇನೆ, ಚೆನ್ನಾಗಿತ್ತು! ಜಯಮ್ಮನೇ ಎರಡು ಸಲ ಮುಟ್ಟಿ ನೋಡಿದಳು. ನಿಂಗೇಗೌಡ ಮಾತ್ರ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದ.

"ಬಿಸ್ಲಲ್ಲಿ ಒಣಗ್ಸಿದ್ದೀಯೇನ್ಲಾ?"

"ಬಣ್ಣ ಹೊಂಟೋಯ್ತದೆ ಅಂತ ಒಣಗ್ಸಿಲ್ಲ."

"ಒಳಗೆ ಜೀವ ಐತಲ್ಲೋ?"

"ಲೇ, ಐವತ್ ವರ್ಸದಿಂದ ಹುಳ ಸಾಕ್ತಾ ಇವ್ನಿ. ನಂಗೇ ಹೇಳ್ಕೊಡ್ತೀಯಾ?"

ನಾಮಕರಣದ ದಿನ ಬೆಳಿಗ್ಗೆ ಮನೆ ತುಂಬ ಜನ. ಕನಕಪುರದಿಂದ ಅಳಿಯ, ಬೀಗಿತ್ತಿ ಕೆಂಪಮ್ಮ ಬಂದರು. ಕೆಂಪಮ್ಮನ ಕೈಯಲ್ಲಿ ಬ್ಯಾಟರಿ ಹಾಕಿದರೆ ಗಿರಗಿರ ತಿರುಗಿ ಹಾಡುವ ಆಟದ ಸಾಮಾನು.

"ತೊಟ್ಲು ಮ್ಯಾಲೆ ಇದನ್ನ ಕಟ್ಟಣ ಬೀಗ್ರೇ" ಅಂದರು.

"ಆಮೇಲ್ ಕಟ್ಟಣ ತಾಯಿ. ಮೊದ್ಲು ತಾತಂದು" ಎಂದು ನಾನು ತೋರಣ ಕಟ್ಟಿ, ಕೈಕಟ್ಟಿ ನಿಂತೆ. ಮಗುವನ್ನು ತೊಟ್ಟಿಲಿಗೆ ಹಾಕಿದರು. ಇಂಚರ ಎಂದು ಕಿವಿಯಲ್ಲಿ ಹೆಸರು ಹೇಳಿದರು. ಮಗು ತೋರಣವನ್ನೇ ನೋಡುತ್ತಿತ್ತು. ಅಳುತ್ತಿರಲಿಲ್ಲ! ನನ್ನ ಎದೆ ಉಬ್ಬಿತು.

ಆಗ ಕೆಂಪಮ್ಮ ಕಣ್ಣು ಕಿರಿದು ಮಾಡಿದರು.

"ಬೀಗ್ರೇ, ಈ ಕೋಳಿಮರಿಗಳು ಅಲ್ಲಾಡ್ತಾವಲ್ಲ, ಇದುಕ್ಕೂ ಬ್ಯಾಟ್ರಿ ಹಾಕಿದ್ದೀರಾ?"

ನೋಡಿದೆ. ನಡುವಿನ ಕೋಳಿಮರಿಯ ತಲೆ ಒದ್ದೆಯಾಗಿತ್ತು. ತಲೆಯಲ್ಲಿ ಒಂದು ತೂತು. ತೂತಿನಿಂದ ಎರಡು ಮೀಸೆ ಈಚೆ ಬಂದವು. ಆಮೇಲೆ ಇಡೀ ಚಿಟ್ಟೆಯೇ ಬಂತು!

ಈಗ ನನ್ನ ಐವತ್ತು ವರ್ಷದ ಅನುಭವದ ಬಗ್ಗೆ ಒಂದು ಮಾತು. ಹುಳ ಗೂಡು ಕಟ್ಟಿದ ಐದನೇ ದಿನ ಬಿಡಿಸುತ್ತೇವೆ, ಆರನೇ ದಿನ ರಾಮನಗರದ ಮಾರ್ಕೆಟ್ಟಿಗೆ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ಹನ್ನೊಂದನೇ ದಿನ ಅದರಿಂದ ಏನು ಈಚೆ ಬರುತ್ತದೆ ಎಂಬುದನ್ನು ನೋಡುವ ಪ್ರಮೇಯವೇ ನನಗೆ ಬಂದಿರಲಿಲ್ಲ. ಅವತ್ತು ಹನ್ನೊಂದನೇ ದಿನ!

ಒಂದಾದ ಮೇಲೊಂದು ಕೋಳಿಮರಿ ಬಿರಿಯಿತು. ಚಿಟ್ಟೆಗಳು ಪಟಪಟ ರೆಕ್ಕೆ ಬಡಿದವು. ಅವು ಬಿಟ್ಟ ಕಂದು ನೀರು ಕೆಂಪಮ್ಮನ ಕೈಮೇಲೆ ತೊಟ್ಟಿಕ್ಕಿತು. ಎರಡು ಚಿಟ್ಟೆಗಳಂತೂ ನೆಂಟರ ಎದುರಿಗೇ ಸಂಸಾರ ಹೂಡಿಬಿಟ್ಟವು! "ಅವ್ವಯ್ಯ, ಹುಳ!" ಎಂದು ಅಕ್ಕೂರಿನ ನೆಂಟರು ಅಂಗಳಕ್ಕೆ ಓಡಿದರು. ಶ್ವೇತ ಮಗುವನ್ನು ಬಾಚಿ ಎತ್ತಿಕೊಂಡಳು. ನಾನು ಸ್ಟೂಲು ಹತ್ತಿ ತೋರಣ ಬಿಚ್ಚಲು ಕೈ ಹಾಕಿದೆ. ನಾನು ಕಟ್ಟಿದ ಗಂಟು, ಬಿಚ್ಚುವುದುಂಟೇ? ಜಗ್ಗಿದೆ. ತೋರಣ ಬಂತು, ನಾನೂ ಬಂದೆ! ನೆಲದ ಮೇಲೆ ಕುಕ್ಕರಿಸಿ ಕೂತು ನೋಡಿಕೊಂಡರೆ ಕೊರಳಿಗೆ ಇಪ್ಪತ್ತೊಂದು ಕೋಳಿಮರಿಯ ಹಾರ, ಬೋಳುತಲೆಯ ಮೇಲೆ ಚಿಟ್ಟೆ, ಮೀಸೆಯ ಮೇಲೆ ಚಿಟ್ಟೆ. ಯಾರೋ ಹಿಂದಿನಿಂದ ತಲೆ ಬೆನ್ನು ತಟ್ಟಿ ಸಮಾಧಾನ ಮಾಡುತ್ತಿದ್ದರು.

ಆಗಲೇ ಕೇಳಿಸಿದ್ದು, ಆ ಕೇಕೆ! ಮಗು ನನ್ನ ಕಡೆಗೆ ಕೈಕಾಲು ಬಡಿದುಕೊಂಡು ನಗುತ್ತಿತ್ತು. ನಿಲ್ಲಿಸಿ, ಉಸಿರೆಳೆದುಕೊಂಡು, ಮತ್ತೆ ನಗುತ್ತಿತ್ತು. ಅಂಗಳಕ್ಕೆ ಓಡಿದವರೆಲ್ಲ ವಾಪಸು ಬಂದರು. ಕೆಂಪಮ್ಮ ಕೈ ಒರೆಸಿಕೊಳ್ಳುವುದನ್ನೂ ಮರೆತು ನಕ್ಕರು. ನಾನು ನೆಲದ ಮೇಲೆ ಕೂತೇ ಅತ್ತೆ. ಸಂತೋಷಕ್ಕೆ, ಮತ್ತು ಸೊಂಟಕ್ಕೆ.

ಸಂಜೆ ನೆಂಟರು ಹೋದ ಮೇಲೆ ಮನೆಯವರೆಲ್ಲ ಹಜಾರದಲ್ಲಿ ಸಾಲಾಗಿ ಊಟಕ್ಕೆ ಕೂತೆವು. ಮಧ್ಯಾಹ್ನದ ಸಿಹಿಯೂಟದ ಮೇಲೆ ಬಿಸಿ ಮುದ್ದೆ, ಉಪ್ಪುಸಾರು. ಬೀಗಿತ್ತಿಯೂ ಅಳಿಯನೂ ನಮ್ಮ ಜೊತೆಗೇ ಇದ್ದರು.

"ಮುಟ್ಟುದ್ರೆ ಸಾಕು ಕಿರುಚ್ತಿದ್ ಮಗು! ನನ್ನ ನೋಡಿ ಹೆಂಗ್ ನಕ್ತು ನೋಡುದ್ರಾ?" ಎಂದು ನಾನು ಏಳನೆಯ ಸಲ ಕೇಳಿದೆ.

"ವಿಡಿಯೋ ಮಾಡಿದ್ದೀನಿ ಮಾವ" ಎಂದು ಅಳಿಯ ಫೋನು ಹಿಡಿದ. ಎಲ್ಲರೂ ಬಗ್ಗಿ ನೋಡಿದೆವು. ನಾನು ಕೂತಿದ್ದೇನೆ. ನನ್ನ ಹಿಂದೆ ಜಯಮ್ಮ ನಿಂತಿದ್ದಾಳೆ, ಕೈಯಲ್ಲಿ ಮೊರ. ನನ್ನ ತಲೆಯ ಮೇಲಿನ ಚಿಟ್ಟೆಗೆ ಪಟಾರ್ ಅಂತ ಒಂದೇಟು. ಮಗು ಕೇಕೆ! ಬೆನ್ನ ಮೇಲೆ ಪಟಾರ್. ಮತ್ತೆ ಕೇಕೆ! ಏಟಿಲ್ಲದಿದ್ದಾಗ ಮಗು ಸುಮ್ಮನೆ ಮೊರವನ್ನೇ ಕಾಯುತ್ತಿದೆ.

"ಅಪ್ಪ, ಅವ್ಳು ನಿನ್ನ ನೋಡಿ ನಕ್ಕಿದ್ದಲ್ಲ" ಅಂದಳು ಶ್ವೇತ, ಮೆಲ್ಲಗೆ. "ನಿಂಗೆ ಏಟು ಬಿದ್ದಾಗ ನಕ್ಕಿದ್ದು."

ಹಜಾರವೆಲ್ಲ ನಗು. ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಮಡಿಲಲ್ಲಿದ್ದ ಮಗು ನನ್ನ ಕಡೆ ತಿರುಗಿ, ಮುಖ ಸಿಂಡರಿಸಿ, ಅಳಲು ತುಟಿ ಉಬ್ಬಿಸಿತು. ಬೆಳಗಾದರೆ ಕನಕಪುರದ ದಾರಿ.

ನಾನು ಎದ್ದು ಅಡುಗೆಮನೆಗೆ ಹೋದೆ. ಮೊರ ತಂದು ಜಯಮ್ಮನ ಕೈಗೆ ಕೊಟ್ಟೆ. ಅವಳ ಮುಂದೆ ತಟ್ಟೆ ಎಳೆದುಕೊಂಡು, ತಲೆ ಬಗ್ಗಿಸಿ ಕೂತು ಮುದ್ದೆ ಮುರಿದೆ.

"ಒಸಿ ಮೆತ್ತಗೆ ಹೊಡಿಯಮ್ಮಿ" ಅಂದೆ. "ಆದ್ರೆ ನಿಲ್ಲುಸ್ಬ್ಯಾಡ."