ಬಾಕಿ ಉಳಿದ ಒಂದು ಗೋಲು

ನಗು ಬರಿಸುವ ಸಂಗತಿಗಳು ನಮ್ಮ ಮನೆಗೆ ಸಮಯ ನೋಡಿಕೊಂಡು ಬಂದದ್ದೇ ಇಲ್ಲ. ನಗಬಾರದ ದಿನಗಳಲ್ಲೇ ಒಂದರ ಹಿಂದೆ ಒಂದು ಬರುತ್ತವೆ. ಎಪ್ಪತ್ತರ ದಶಕದ ಒಂದು ವರ್ಷ ನಮ್ಮ ಮಾವನವರು ಪಾರ್ಶ್ವವಾಯು ಬಡಿದು ರಾಜಾಜಿನಗರದ ಮನೆಯ ಮುಂದಿನ ಕೋಣೆಯಲ್ಲಿ ಮಲಗಿದ್ದರು. ದೀಪಾವಳಿ ಕಾಣುವುದು ಕಷ್ಟ ಎಂದು ಡಾಕ್ಟರು ನನಗೆ ಹೇಳಿದ್ದರು. ಮಾವನವರಿಗೆ ಯಾರೂ ಹೇಳಿರಲಿಲ್ಲ, ಆದರೆ ಅವರಿಗೆ ಗೊತ್ತಿತ್ತು. ವಯಸ್ಸಿನಲ್ಲಿ ದಂಡಿನ ಕಡೆಯ ಕಂಟೋನ್ಮೆಂಟ್ ಮೈದಾನಗಳಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಆಡಿದವರು ಅವರು. ನನ್ನ ಮಗ ಆಗ ತಾನೇ ಕಾಲೇಜಿಗೆ ಸೇರಿದ್ದ. ಮೊಮ್ಮಗ ಕಾಲೇಜಿನ ಟೀಮಿನಲ್ಲಿ ಒಂದು ಸಲವಾದರೂ ಆಡಿದ ಎಂದು ಕೇಳಿ ಹೋಗಬೇಕು ಎನ್ನುವುದೊಂದೇ ಅವರಿಗೆ ಉಳಿದಿದ್ದ ಆಸೆ.

೧. ಬೂಟು

ಹುಡುಗ ಎಷ್ಟು ಜೋರಾಗಿ ಓಡುತ್ತಿದ್ದ ಎಂದರೆ, ಬೆಳಿಗ್ಗೆ ಬಸ್ಸು ತಪ್ಪಿದರೆ ಮುಂದಿನ ಬಸ್ಸಿಗೆ ಕಾಯುತ್ತಿರಲಿಲ್ಲ. ಓಡಿ ಹೋಗಿ ಮುಂದಿನ ಸ್ಟಾಪಿನಲ್ಲಿ ಅದೇ ಬಸ್ಸು ಹತ್ತುತ್ತಿದ್ದ. ಕಂಡಕ್ಟರು ಒಮ್ಮೆ ನನ್ನನ್ನೇ ಕೇಳಿದರು, "ಇವನಿಗೆ ಯಾಕಮ್ಮ ಪಾಸ್ ಮಾಡಿಸಿದೀರ?"

ಬೆಳೆಯುವ ಮಕ್ಕಳಿಗೆ ಬಟ್ಟೆಯಾಗಲಿ ಬೂಟಾಗಲಿ ಎರಡು ವರ್ಷ ಬರುವಂತೆ ಕೊಳ್ಳಬೇಕು ಎಂಬುದು ನನ್ನ ನಿಯಮ. ಆದ್ದರಿಂದ ಫುಟ್‌ಬಾಲ್ ಬೂಟನ್ನು ಎರಡು ಸೈಜು ದೊಡ್ಡದಾಗಿಯೇ ತಂದು, ತುದಿಗೆ ಹತ್ತಿ ತುಂಬಿ ಕೊಟ್ಟೆ. ಟೀಮಿನ ಆಯ್ಕೆಯ ದಿನ ಅವನು ಚೆಂಡಿನೊಂದಿಗೆ ಓಡಿ, ಎಲ್ಲರನ್ನೂ ಹಿಂದೆ ಹಾಕಿ, ಗೋಲಿನ ಎದುರು ಒದ್ದನಂತೆ. ಚೆಂಡು ಇದ್ದಲ್ಲೇ ಇತ್ತು.

"ಗೋಲ್ ಆಯ್ತೇನೋ?" ಎಂದು ಸಂಜೆ ಮಾವನವರು ಕೇಳಿದರು. ಕಾಯಿಲೆಯಿಂದ ಮಾತು ನಿಧಾನವಾಗಿತ್ತು, ಆದರೆ ಸ್ಪಷ್ಟವಾಗಿತ್ತು.

"ಆಯ್ತು ತಾತ. ಬೂಟು ಒಳಗೆ ಹೋಯ್ತು."

"ಎಷ್ಟು ದೂರದಿಂದ?"

"ಹದಿನೈದು ಗಜ ಇರಬಹುದು."

ಮಾವನವರು ಕಿಟಕಿಯಿಂದ ಗೇಟಿನವರೆಗೆ ಕಣ್ಣಲ್ಲೇ ಅಳೆದರು. "ಒಳ್ಳೇ ಶಾಟು," ಎಂದರು.

ಓಟ ನೋಡಿ ಅವನನ್ನು ಟೀಮಿಗೆ ಸೇರಿಸಿಕೊಂಡರು, ಹದಿನಾರನೆಯವನಾಗಿ, ಎಂದರೆ ಬೆಂಚಿನ ಕೊನೆಯವನಾಗಿ.

೨. ವಿಚಾರಿಸಲು ಹೋದದ್ದು

ಆ ಕಾಲೇಜಿನಲ್ಲಿ ಒಂದು ಪದ್ಧತಿ. ಮೈದಾನದಾಚೆ ಹೋದ ಚೆಂಡನ್ನು ಮೊದಲ ವರ್ಷದವರು ತರಬೇಕು. ವಿಜಯನಗರದ ಆ ಮೈದಾನಕ್ಕೆ ಒಂದು ಕಡೆ ಗಿಡ್ಡ ಕಾಂಪೌಂಡು, ಅದರಾಚೆ ಇಳಿಜಾರು, ಇಳಿಜಾರಿನ ಕೊನೆಗೆ ದೊಡ್ಡ ಮೋರಿ. ನನ್ನ ಮಗ ಕಾಂಪೌಂಡು ಹಾರಿ ಒಂದು ನಿಮಿಷದಲ್ಲಿ ಚೆಂಡು ತರುತ್ತಿದ್ದ. ಪಂದ್ಯದ ಮೇಲೆ ಪಂದ್ಯ ನಡೆಯಿತು. ಅವನು ತರುತ್ತಲೇ ಇದ್ದ. ಪ್ರತಿ ಸಂಜೆ ಮಾವನವರು, "ಇವತ್ತು ಆಡಿಸಿದ್ರೇನೋ?" ಎನ್ನುತ್ತಿದ್ದರು. ಅವನು, "ಮುಂದಿನ ಮ್ಯಾಚು, ತಾತ," ಎನ್ನುತ್ತಿದ್ದ.

ಪಕ್ಕದ ಮನೆಯಾಕೆ ಹೇಳಿದರು, "ಒಂದ್ಸಲ ಹೋಗಿ ಮಾತಾಡಿ ಬನ್ನಿ. ಎಲ್ಲಾ ತಾಯಂದಿರೂ ಹೋಗ್ತಾರೆ."

"ಶಿಫಾರಸು ಮಾಡಿ ಮಗನನ್ನು ಆಡಿಸುವ ಮನೆ ನಮ್ಮದಲ್ಲ," ಎಂದೆ.

ಎರಡು ವಾರ ಕಳೆದ ಮೇಲೆ ಹೋದೆ. ಕೇಳಿಕೊಳ್ಳಲು ಅಲ್ಲ, ವಿಚಾರಿಸಲು. ಗಂಜಿ ಹಾಕಿದ ಸೀರೆ ಉಟ್ಟು, ಕೊಡೆ ಹಿಡಿದು, ಆರ್‌ಪಿಸಿ ಲೇಔಟಿನಲ್ಲಿದ್ದ, ಟೀಮು ಆರಿಸುವ ಫಿಸಿಕಲ್ ಡೈರೆಕ್ಟರ ಮನೆಯ ಬಾಗಿಲು ತಟ್ಟಿದೆ. ಅವರು ಮರ್ಯಾದೆಯಿಂದ ಕೂರಿಸಿದರು.

"ನಿಮ್ಮ ಹುಡುಗ ಚಿನ್ನ ಮೇಡಂ. ನನ್ನ ಸರ್ವೀಸಿನಲ್ಲಿ ಇಂಥಾ ಸ್ಪೀಡು ನೋಡಿಲ್ಲ."

"ಹಾಗಾದರೆ ಏಕೆ ಆಡಿಸುತ್ತಿಲ್ಲ?"

"ಫೈನಲ್ ಇಯರ್‌ನವರಿಗೆ ಇದೇ ಕೊನೇ ವರ್ಷ, ಪಾಪ. ನಿಮ್ಮವನಿಗೆ ಇನ್ನೂ ಬೇಕಾದಷ್ಟು ಟೈಮಿದೆ. ಅಲ್ಲದೆ ಅವನು ಒಳಗೆ ಹೋದ್ರೆ ಚೆಂಡು ತರೋರು ಯಾರು ಮೇಡಂ?"

ಸಮಯವಿಲ್ಲದವರು ಮನೆಯಲ್ಲಿ ಮಲಗಿದ್ದಾರೆ ಎಂದು ನಾನು ಹೇಳಬೇಕಾಗಿತ್ತು. ಒಂದೇ ಮಾತು ಸಾಕಾಗಿತ್ತು. ಮನೆಯ ಕಷ್ಟವನ್ನು ಹೊರಗಿನವರ ಮುಂದೆ ಇಡಬಾರದು ಎಂದು ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದನ್ನು ನಾನು ಒಂದು ದಿನವೂ ಮೀರಿದವಳಲ್ಲ. ಅವತ್ತೂ ಮೀರಲಿಲ್ಲ. ಕೊಡೆ ತೆಗೆದುಕೊಂಡು ಎದ್ದೆ.

ಮೆಟ್ಟಿಲಿಳಿಯುವಾಗ ಅವರು ಹಿಂದಿನಿಂದ ಹೇಳಿದರು, "ತುಂಬಾ ಥ್ಯಾಂಕ್ಸ್ ಮೇಡಂ. ಈ ವರ್ಷ ಒಂದು ಚೆಂಡೂ ಕಳೆದಿಲ್ಲ."

೩. ತಿದ್ದುಪಡಿ

ಒಂದು ಸಂಜೆ ನಾನು ಗಂಜಿಯ ಬಟ್ಟಲು ಹಿಡಿದು ಬರುವಾಗ ಮಗ ತಾತನ ಪಕ್ಕ ಕೂತು ಹೇಳುತ್ತಿದ್ದ.

"ಆಮೇಲೆ ತಾತ, ಬಲಗಡೆಯಿಂದ ಹೋದೆ. ಇಬ್ಬರನ್ನ ದಾಟಿದೆ. ಒಂದು ಗೋಲು. ಹಾಫ್ ಟೈಮ್ ಆದ್ಮೇಲೆ ಇನ್ನೊಂದು ಸಲ..."

ಅವನು ಆಡಿರಲಿಲ್ಲ. ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಮ್ಮ ಮನೆಯಲ್ಲಿ ಸುಳ್ಳಿಗೆ ಜಾಗವಿರಲಿಲ್ಲ, ಕಾಯಿಲೆಯವರ ಮಂಚದ ಪಕ್ಕದಲ್ಲೂ ಇರಲಿಲ್ಲ. ಬಟ್ಟಲು ಕೆಳಗಿಟ್ಟು, "ನಿಜ ಹೇಳು," ಎಂದೆ. ಅವನು ತಲೆ ತಗ್ಗಿಸಿ, "ಆಡಿಸಲಿಲ್ಲ ತಾತ," ಎಂದ. ಅಲ್ಲಿಂದ ಎದ್ದು ಹಿತ್ತಲಿಗೆ ಹೋದ.

ನಾನು ಮಾವನವರ ಕ್ಷಮೆ ಕೇಳಿದೆ.

"ನಂಗೆ ಮೊದಲೇ ಗೊತ್ತಿತ್ತು ಕಣಮ್ಮ," ಎಂದರು. "ಆಡಿದ ಹುಡುಗನ ಚಡ್ಡಿ ಅಷ್ಟು ಬೆಳ್ಳಗಿರುತ್ತಾ? ನಾನೂ ಆಡಿದವನೇ."

"ಮತ್ತೆ ಸುಮ್ಮನೆ ಕೇಳುತ್ತಿದ್ದಿರಲ್ಲ, ಮಾವ?"

"ಚೆನ್ನಾಗಿ ಹೇಳ್ತಿದ್ದ. ಇನ್ನೊಂದು ಗೋಲು ಬಾಕಿ ಇತ್ತು, ಅಷ್ಟರಲ್ಲಿ ನೀನು ಬಂದುಬಿಟ್ಟೆ."

೪. ಎರಡು ನಿಮಿಷ

ಮಾವನವರು ಹೋಗುವುದಕ್ಕೆ ಮೂರು ದಿನ ಮುಂಚೆ ಆ ವರ್ಷದ ಕೊನೆಯ ಪಂದ್ಯ. "ನೀನೇ ಹೋಗಿ ನೋಡ್ಕೊಂಡು ಬಾಮ್ಮ," ಎಂದು ಅವರೇ ನನ್ನನ್ನು ಕಳಿಸಿದರು. ಪಕ್ಕದ ಮನೆಯಾಕೆ ಅವರ ಬಳಿ ಕೂತರು. ನಾನು ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು ನಿಂತೆ.

ಆಟ ಮುಗಿಯಲು ಎರಡು ನಿಮಿಷ ಇದ್ದಾಗ ಬಲಗಡೆಯ ಫೈನಲ್ ಇಯರ್ ಹುಡುಗ ಕಾಲು ಹಿಡಿದುಕೊಂಡು ಕೂತ. ಫಿಸಿಕಲ್ ಡೈರೆಕ್ಟರು ಬೆಂಚಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ನನ್ನ ಮಗನಿಗೆ "ಹೋಗು" ಎಂದರು.

ಅವನು ಒಳಗೆ ಹೋದ. ಯಾರೋ ಉದ್ದಕ್ಕೆ ಒಂದು ಪಾಸ್ ಕೊಟ್ಟರು. ಅವನು ಓಡಿದ ಓಟಕ್ಕೆ ಇಡೀ ಮೈದಾನ ಎದ್ದು ನಿಂತಿತು. ಇನ್ನೇನು ಚೆಂಡು ಸಿಗಬೇಕು, ಎದುರು ಕಾಲೇಜಿನ ಹುಡುಗನೊಬ್ಬ ಅದನ್ನು ಜಾಡಿಸಿ ಕಾಂಪೌಂಡಿನಾಚೆ ಒದ್ದ.

ನನ್ನ ಮಗ ನಿಲ್ಲಲಿಲ್ಲ. ಅದೇ ಓಟದಲ್ಲಿ ಕಾಂಪೌಂಡು ಹಾರಿ ಚೆಂಡು ತರಲು ಹೋದ.

"ಲೋ, ನೀನು ಪ್ಲೇಯರ್ ಕಣೋ. ವಾಪಸ್ ಬಾರೋ," ಎಂದು ಟೀಮಿನವರು ಕೂಗಿದರು. ಅಷ್ಟು ಜೋರಾಗಿ ಓಡುವವನಿಗೆ ಕೂಗು ಎಲ್ಲಿ ಕೇಳೀತು? ಎದುರು ಕಾಲೇಜಿನವರು ತಮ್ಮ ಹತ್ತಿರವಿದ್ದ ಇನ್ನೊಂದು ಚೆಂಡು ಒಳಗೆ ಎಸೆದರು. ನಮ್ಮವರು ಹತ್ತೇ ಜನ ಆಡಿದರು. ರೆಫರಿ ಸೀಟಿ ಊದಿದರು. ಜನ ನಗುತ್ತಾ ಮನೆಗೆ ಹೋದರು. ಬಿದ್ದ ವಸ್ತುವನ್ನು ಎತ್ತಿ ತಂದುಕೊಡದೆ ಬರಬಾರದು ಎಂದು ಅವನಿಗೆ ಎರಡು ವರ್ಷದ ಮಗುವಾಗಿದ್ದಾಗಿನಿಂದ ಕಲಿಸಿದವಳು ನಾನು. ನಾನೊಬ್ಬಳೇ ನಿಂತಿದ್ದೆ.

ಹಿಂದಿನ ದಿನ ಮಳೆ ಬಂದಿತ್ತು. ಚೆಂಡು ಮೋರಿಯ ನೀರಿನಲ್ಲಿ ಬಾಪೂಜಿ ನಗರದ ಕಡೆ ತೇಲಿಕೊಂಡು ಹೋಗಿತ್ತಂತೆ. ಬಹಳ ಹೊತ್ತಿನ ಮೇಲೆ ಕಾಂಪೌಂಡಿನ ಮೇಲೆ ಮೊದಲು ಚೆಂಡು ಕಂಡಿತು, ಆಮೇಲೆ ಮಗ. ಸೊಂಟದವರೆಗೆ ಕೆಸರು.

"ಎಲ್ರೂ ಎಲ್ಲಮ್ಮಾ?"

ನಾನು ಅವನ ಮುಖ ಒರೆಸಿದೆ.

ಮನೆಗೆ ಬಂದಾಗ ಮಾವನವರು ಎಚ್ಚರವಾಗಿದ್ದರು. ಮೊದಲು ಚಡ್ಡಿ ನೋಡಿದರು. "ಆಡಿದಾನೆ," ಎಂದರು. ನಾನು ತಿದ್ದಲು ಹೋಗಲಿಲ್ಲ.

"ಚೆಂಡು ಸಿಕ್ತೇನೋ?"

ಮಗ ನನ್ನ ಕಡೆ ನೋಡಿದ. "ಸಿಕ್ತು, ಮಾವ," ಎಂದೆ. "ಕೊನೆಯವರೆಗೂ ಇವನ ಹತ್ತಿರವೇ ಇತ್ತು. ಯಾರೂ ಕಿತ್ತುಕೊಳ್ಳಲಿಲ್ಲ."

"ರೆಫರಿ ಏನಂದ?"

"ಏನೂ ಅನ್ನಲಿಲ್ಲ ತಾತ," ಎಂದ ಮಗ. ಸುಳ್ಳು ಹೇಳುವುದನ್ನು ನಾನು ಬಿಡಿಸಿಬಿಟ್ಟಿದ್ದೆನಲ್ಲ. "ನಾನು ಬರೋಷ್ಟರಲ್ಲಿ ಅವರು ಮನೆಗೆ ಹೋಗಿದ್ರು."

ಮಾವನವರಿಗೆ ಎಲ್ಲವೂ ಅರ್ಥವಾಯಿತು. ಮುಖದ ಒಂದೇ ಕಡೆ ನಗು ಬಂತು, ಮಂಚ ಅಲುಗಿತು. ನಕ್ಕು ಸುಸ್ತಾಗಿ, ಸ್ವಾಧೀನವಿದ್ದ ಕೈಯಿಂದ ಅವನನ್ನು ಹತ್ತಿರ ಕರೆದರು.

"ಬಾ, ಕೂತ್ಕೋ. ಅವತ್ತು ಬಾಕಿ ಉಳಿದ ಗೋಲು ಹೇಳು. ನಿಮ್ಮಮ್ಮ ಏನೂ ಅನ್ನಲ್ಲ."

ಅವನು ಹೇಳಿದ. ಬಲಗಡೆಯಿಂದ ಹೋದ, ಮೂವರನ್ನು ದಾಟಿದ, ಗೋಲ್‌ಕೀಪರನ್ನು ದಾಟಿದ, ಎಡಗಾಲಲ್ಲಿ ಒದ್ದ. ನಾನು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದೆ. ಒಂದೇ ಒಂದು ಕಡೆ ತಿದ್ದಬೇಕಾಯಿತು.

"ಎಡಗಾಲಲ್ಲ ಕಣೋ, ಬಲಗಾಲು," ಎಂದೆ. "ನಾನು ಅಲ್ಲೇ ನಿಂತು ನೋಡಿದೀನಿ."