ಅಂಚೆಯಣ್ಣನಿಗೊಂದು ವಾಚು

ಹಾಲಿನ ಪಾತ್ರೆಯನ್ನು ಒಲೆಯ ಮೇಲಿಡುತ್ತಾ ಹೆಂಡತಿ ಕೇಳಿದ ಒಂದೇ ಒಂದು ಮಾತಿನಿಂದ ಗಡಿಯಾರದವರ ಆ ದಿನ ಹದಗೆಟ್ಟಿತು. ನಾಳೆಯಿಂದ ವರ್ಷದ ಕೊನೆಯ ರಜೆ. ಕೆಳಮನೆಯ ನರ್ಸಮ್ಮ ಪೋಸ್ಟ್‌ಮ್ಯಾನ್‌ಗೆ ವರ್ಷದ ಉಡುಗೊರೆಯೆಂದು ಛತ್ರಿ ಕೊಡುತ್ತಾರಂತೆ.

"ನೀವೇನು ಕೊಡ್ತೀರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಆಕೆ ಗ್ರಂಥಾಲಯದ ಕೆಲಸಕ್ಕೆ ಹೊರಟುಹೋದಳು.

ಏನೂ ಕೊಡದೆ ಇರುವ ಹಾಗಿರಲಿಲ್ಲ. ಗಡಿಯಾರದವರು ಲಿಫ್ಟಿಲ್ಲದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ, ಕಿಟಕಿಯ ಪಕ್ಕ ಮೇಜು ಹಾಕಿಕೊಂಡು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಊರವರ ವಾಚುಗಳನ್ನು ರಿಪೇರಿ ಮಾಡುವವರು. ಸ್ಪ್ರಿಂಗು, ಹಲ್ಲುಚಕ್ರ ಎಲ್ಲವೂ ಅವರಿಗೆ ಅಂಚೆಯಲ್ಲೇ ಬರಬೇಕು. ಬೇಸಿಗೆಯಲ್ಲಿ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡಾಗ ಇನ್ನು ಅಂಗಡಿ ಮುಚ್ಚಬೇಕು ಎಂದುಕೊಂಡಿದ್ದರು. ಆದರೆ ಅಂದಿನಿಂದ ದಿನಾ ಮಧ್ಯಾಹ್ನ ಬಾಗಿಲಾಚೆ ಹೆಜ್ಜೆ ಸಪ್ಪಳವಾಗುತ್ತಿತ್ತು. ಅವರು ಚಿಮುಟ ಕೆಳಗಿಟ್ಟು ಎದ್ದು ಹೋಗುವಷ್ಟರಲ್ಲಿ ಕಾಲೊರಸಿನ ಮೇಲೆ ಪೊಟ್ಟಣ ಬಂದು ಕೂತಿರುತ್ತಿತ್ತು. ಕೆಳಗೆ ಗೋಡೆಯ ತೆರೆದ ಗೂಡುಗಳಲ್ಲಿ ತುರುಕಿ ಹೋಗಬಹುದಾಗಿದ್ದ ಅಂಚೆಯನ್ನು ಆ ಪುಣ್ಯಾತ್ಮ ಇಷ್ಟೆತ್ತರ ಹೊತ್ತು ತರುತ್ತಿದ್ದ. ಕಾಲು ಕೂಡಿಕೊಂಡು ತಿಂಗಳುಗಳೇ ಆಗಿದ್ದವು. ಆ ಸುದ್ದಿಯನ್ನು ಗಡಿಯಾರದವರು ಯಾರಿಗೂ ಹೇಳಲು ಹೋಗಿರಲಿಲ್ಲ.

ವಾಚು ರಿಪೇರಿಯವನು ವಾಚನ್ನೇ ಕೊಡಬೇಕು. ತಮಗೆಂದು ವರ್ಷಾನುಗಟ್ಟಲೆ ಕೂತು ಸರಿಮಾಡಿಟ್ಟುಕೊಂಡಿದ್ದ, ಮಗುವಿನ ಉಸಿರಿನಷ್ಟು ಮೆಲ್ಲಗೆ ಟಿಕ್ಕೆನ್ನುವ ಹಳೆಯ ವಾಚೊಂದನ್ನು ಹೊರತೆಗೆದರು. ಹೊಸ ಪಟ್ಟಿ ಹಾಕಿದರು. ಕೊಡುವ ಮೊದಲು ಯಾರಿಗಾದರೂ ತೋರಿಸಬೇಕೆಂಬ ಆಸೆಯಾಯಿತು. ಅಲ್ಲೇ ಎಡವಟ್ಟಾದದ್ದು.

ನರ್ಸಮ್ಮ ವಾಚನ್ನು ತಿರುಗಿಸಿ ನೋಡಿ, ಬಹಳ ಚೆನ್ನಾಗಿದೆ ಎಂದರು. ಆಮೇಲೆ, ರೋಗಿಯ ಮನೆಯವರನ್ನು ಪಕ್ಕಕ್ಕೆ ಕರೆದು ಹೇಳುವ ದನಿಯಲ್ಲಿ, "ಆದ್ರೆ ವಾಚ್ ಕೊಟ್ರೆ ಅವ್ನು ಏನಂದ್ಕೋತಾನೆ? ದಿನಾ ಲೇಟಾಗಿ ಬರ್ತೀಯ ಅಂತ ಚುಚ್ಚಿದ ಹಾಗಾಗಲ್ವಾ?" ಎಂದರು.

ಗಡಿಯಾರದವರಿಗೆ ಅದು ಹೊಳೆದೇ ಇರಲಿಲ್ಲ. ವಾಚು ಜೇಬಿಗಿಳಿಯಿತು. ಅಂಗಡಿಬೀದಿಗೆ ನಡೆದು ಒಂದು ಥರ್ಮಾಸ್ ಫ್ಲಾಸ್ಕ್ ಕೊಂಡು ತಂದರು. ಮೂರನೆಯ ಮಹಡಿಯಲ್ಲಿ ಗಾರ್ಡ್ ಸಾಹೇಬರು ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಬೂಟಿಗೆ ಪಾಲಿಶ್ ತಿಕ್ಕುತ್ತಿದ್ದರು. ರೈಲಿನಲ್ಲಿ ಗಾರ್ಡಾಗಿದ್ದು ನಿವೃತ್ತರಾದವರು. ಈಗ ಮೆಟ್ಟಿಲಲ್ಲಿ ಹೋಗಿಬರುವವರನ್ನು ತಡೆದು ನಿಲ್ಲಿಸುವುದು ಅವರ ಕೆಲಸ. ಫ್ಲಾಸ್ಕ್ ಯಾರಿಗೆಂದು ವಿಚಾರಿಸಿಕೊಂಡು, ಇದರ ಅರ್ಥ ಮನೆಬಾಗಿಲಲ್ಲಿ ನೀರು ಕೇಳಬೇಡ, ನಿನ್ನದು ನೀನೇ ತಂದುಕೋ ಅಂತ ತಾನೇ ಎಂದು ಕೇಳಿದರು. ಗಡಿಯಾರದವರು ನಿಂತ ಕಾಲಲ್ಲೇ ಹಿಂದಿರುಗಿದರು.

ಫ್ಲಾಸ್ಕ್ ಹೋಗಿ ಉಣ್ಣೆಯ ಕಾಲುಚೀಲ ಬಂತು. ಕಾಲು ವಾಸನೆ ಬರುತ್ತದೆಂಬ ಸೂಚನೆಯೇ ಎಂದರು ನರ್ಸಮ್ಮ. ಕಾಲುಚೀಲ ಹೋಗಿ ಕೇಕು ಬಂತು. ಸಕ್ಕರೆ ಕಾಯಿಲೆ ಇದ್ದರೆ ಏನು ಗತಿ ಎಂದರು ಗಾರ್ಡ್ ಸಾಹೇಬರು. ಕೊನೆಗೆ ಬೇಸತ್ತು ಒಂದು ಲಕೋಟೆಯಲ್ಲಿ ನೋಟು ಹಾಕಿದರೆ, ಅದು ಲಂಚವೆಂದೂ ಪಾಪದವನ ನೌಕರಿಗೇ ಕುತ್ತು ಬರುತ್ತದೆಂದೂ ಇಬ್ಬರೂ ಒಂದೇ ಬಾಯಿಯಲ್ಲಿ ಹೇಳಿದರು. ಇಡೀ ವರ್ಷದಲ್ಲಿ ಅವರಿಬ್ಬರಿಗೂ ಒಮ್ಮತ ಬಂದದ್ದು ಅದೊಂದೇ ಸಲ.

ಗಡಿಯಾರದವರು ಕಟ್ಟಡದ ಮೆಟ್ಟಿಲ ಮೇಲೆ ಮಗ್ಗದ ಲಾಳಿಯ ಹಾಗೆ ಓಡಾಡಿದರು. ಏದುಸಿರಿನ ನಡುವೆ ಒಂದು ಯೋಚನೆ ಅವರನ್ನು ಹಿಡಿದು ನಿಲ್ಲಿಸಿತು. ಬೈಯುವುದಕ್ಕೆ ಯಾರೂ ಇಷ್ಟು ತಯಾರಿ ಮಾಡಿಕೊಳ್ಳುವುದಿಲ್ಲ. ಬಾಯಿಗೆ ಬಂದದ್ದನ್ನು ಅಂದು ಹೋಗುತ್ತಾರೆ, ಕೇಳಿಸಿಕೊಂಡವರಿಗೆ ಅರ್ಥವೂ ಆಗುತ್ತದೆ. ಉಪಕಾರವಾಯಿತು ಎನ್ನುವುದಕ್ಕೆ ಮಾತ್ರ ಇಷ್ಟೊಂದು ಪರದಾಟ.

ಮೂರನೆಯ ಮಹಡಿಯಲ್ಲಿ ಗಾರ್ಡ್ ಸಾಹೇಬರು ಮತ್ತೆ ತಡೆದರು. "ನನ್ ಕೇಳಿದ್ರೆ ಏನೂ ಕೊಡ್ಬೇಡಿ. ಸಂಬಳ ತಗೊಂಡು ಮಾಡೋ ಕೆಲಸಕ್ಕೆ ಉಡುಗೊರೆ ಯಾಕೆ?"

ಗಡಿಯಾರದವರ ತಾಳ್ಮೆಯ ಸ್ಪ್ರಿಂಗು ಅಲ್ಲಿಗೆ ತುಂಡಾಯಿತು. "ಸಂಬಳದಲ್ಲಿ ಕೆಳಗಿನ ಗೂಡು ತನಕ ಮಾತ್ರ ಬರುತ್ತೆ ಸಾಹೇಬ್ರೆ. ನಾಲ್ಕು ಮಹಡಿ ಹತ್ತೋದು ಮನುಷ್ಯತ್ವ ಇದ್ದೋರು. ನೀವು ಯಾವತ್ತಾದ್ರೂ, ಯಾರಿಗಾದ್ರೂ, ಕೇಳದೆ ಒಂದು ಉಪಕಾರ ಮಾಡಿದ್ದೀರಾ?"

ಗಾರ್ಡ್ ಸಾಹೇಬರು ಬೂಟನ್ನೂ ಸ್ಟೂಲನ್ನೂ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸದ್ದಾಗದಂತೆ ಹಾಕಿಕೊಂಡದ್ದೇ ಗಡಿಯಾರದವರಿಗೆ ಸ್ವಲ್ಪ ಚುಚ್ಚಿತು. ಆದರೂ ಹೇಳಬೇಕಾದ್ದನ್ನೇ ಹೇಳಿದೆ ಎಂದು ಸಮಾಧಾನ ಮಾಡಿಕೊಂಡು ಕೆಳಗಿಳಿದರು.

ಪೋಸ್ಟ್‌ಮ್ಯಾನ್ ಬಂದಾಗ ಅವರು ಯಾರನ್ನೂ ಕೇಳದೆ ಜೇಬಿನಿಂದ ವಾಚು ತೆಗೆದು ಅವನ ಕೈಗಿಟ್ಟರು. ಅವನು ಅಂಗಿಗೆ ಕೈ ಒರಸಿಕೊಂಡು ಅದನ್ನು ಕಟ್ಟಿಕೊಂಡ. ಕಿವಿಯ ಹತ್ತಿರ ಹಿಡಿದು ಕೇಳಿದ. ಅವನ ಮುಖ ಅರಳಿತು. ತಡವಾಗಿ ಬರುತ್ತೇನೆಂಬ ಚುಚ್ಚುಮಾತು ಅವನಿಗೆ ಅದರಲ್ಲಿ ಕೇಳಿಸಿದಂತೆ ಕಾಣಲಿಲ್ಲ.

"ದಿನಾ ಅಷ್ಟೆತ್ತರ ಹತ್ತಿ ಬರ್ತೀಯಲ್ಲಪ್ಪ, ಅದಕ್ಕೆ" ಎಂದರು ಗಡಿಯಾರದವರು.

"ಎಲ್ಲಿಗೆ ಸಾರ್?"

"ನಮ್ಮನೆಗೆ. ನಾಲ್ಕನೇ ಮಹಡಿಗೆ."

ಪೋಸ್ಟ್‌ಮ್ಯಾನ್ ಮೆಟ್ಟಿಲ ಕಡೆ ನೋಡಿದ, ವಾಚಿನ ಕಡೆ ನೋಡಿದ. "ನಾನು ಈ ಮೆಟ್ಲು ಹತ್ತಿದ್ದೇ ಇಲ್ಲ ಸಾರ್. ಎಲ್ಲರದ್ದೂ ಈ ಗೂಡಲ್ಲೇ ಹಾಕಿ ಹೋಗ್ತೀನಿ. ನಿಮ್ಮದನ್ನ ಮೂರನೇ ಮಹಡಿ ಗಾರ್ಡ್ ಸಾಹೇಬ್ರು ತಮ್ಮದರ ಜೊತೆ ತಗೊಂಡು ಹೋಗ್ತಾರೆ. ನಿಮಗೆ ಕಾಲಿಲ್ವಲ್ಲ, ಅಂದ್ರೆ ಕಾಲು ಸರಿ ಇಲ್ವಲ್ಲ, ಅದಕ್ಕೆ ಅಂತ ಹೇಳಿದ್ರು." ಹೇಳುತ್ತಲೇ ಅವನು ಪಟ್ಟಿ ಬಿಚ್ಚತೊಡಗಿದ. ಪಟ್ಟಿ ಹೊಸದು, ಬೇಗ ಬಿಚ್ಚಿಕೊಳ್ಳಲಿಲ್ಲ.

ಅರಳಿದ್ದ ಮುಖ ಮುದುಡುವುದನ್ನು ಗಡಿಯಾರದವರಿಂದ ನೋಡಲಾಗಲಿಲ್ಲ. ಇರಲಿ, ಕಟ್ಟಿಕೊಂಡಾಯಿತಲ್ಲ, ಚೆನ್ನಾಗಿ ಒಪ್ಪುತ್ತದೆ ಎಂದು ಅವನನ್ನು ಕಳಿಸಿದರು. ವರ್ಷಾನುಗಟ್ಟಲೆಯ ದುಡಿಮೆ ಸೈಕಲ್ಲೇರಿ ಬೀದಿಯ ತಿರುವಿನಲ್ಲಿ ಮರೆಯಾಯಿತು.

ಮೂರನೆಯ ಮಹಡಿಯವರೆಗಿನ ಮೆಟ್ಟಿಲು ಅವರಿಗೆ ಯಾವತ್ತೂ ಅಷ್ಟು ಉದ್ದವೆನಿಸಿರಲಿಲ್ಲ. ಸಾಹೇಬರು ಬಾಗಿಲು ತೆರೆದರು. ಗಡಿಯಾರದವರು ಬರಿಗೈಯಲ್ಲಿ ನಿಂತಿದ್ದರು. ತಾನು ಆಡಬಾರದ್ದನ್ನು ಆಡಿದೆ, ಗೊತ್ತಿರಲಿಲ್ಲ, ಕ್ಷಮಿಸಬೇಕು ಎಂದರು.

"ಹೇಳ್ಬಿಟ್ನಾ ಅವನು" ಎಂದರು ಸಾಹೇಬರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಅವರ ಕಿವಿ ಕೆಂಪಾಗಿತ್ತು. "ಬಿಡಿ. ನನಗೂ ಹೊತ್ತು ಹೋಗ್ತಿತ್ತು. ಉಡುಗೊರೆ ಗಿಡುಗೊರೆ ಅಂತ ಮಾತ್ರ ಶುರು ಮಾಡ್ಬೇಡಿ."

ಗಡಿಯಾರದವರ ಎದೆ ಹಗುರಾಯಿತು. ಇನ್ನು ಮುಂದೆ ಪೊಟ್ಟಣ ಬಂದಾಗ ಬಾಗಿಲು ತೆರೆದು ಒಳಗೆ ಕರೆಯಬೇಕು, ಕೂರಿಸಿ ಮಾತಾಡಿಸಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡರು.

"ಒಂದು ಮಾತು ಹೇಳ್ತೀನಿ" ಎಂದರು ಸಾಹೇಬರು, ಅವರನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾ. "ಬೆಳಗ್ಗಿಂದ ನಿಮ್ಮನ್ನ ನೋಡಿ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ. ಏನು ಓಟ, ಏನು ಓಟ. ಕಾಲು ಪೂರ್ತಿ ವಾಸಿ ಆಗಿದೆ."

ಗಡಿಯಾರದವರು ಅಪ್ಪಿತಪ್ಪಿ ಎಂಬಂತೆ ಒಂದು ಕಾಲನ್ನು ಸ್ವಲ್ಪ ಎಳೆದು ನಿಂತರು. ಹೊತ್ತು ಮೀರಿತ್ತು.

"ಇಷ್ಟು ದಿನ ಯಾರ ಹತ್ರ ಹೇಳೋದು ಅಂತ ಸುಮ್ನಿದ್ದೆ" ಎನ್ನುತ್ತಾ ಸಾಹೇಬರು ಬಾಗಿಲ ಚೌಕಟ್ಟು ಹಿಡಿದುಕೊಂಡು ಮೆಲ್ಲಗೆ ಮಂಡಿ ಮಡಿಸಿ ತೋರಿಸಿದರು. ಅದು ಎಣ್ಣೆ ಕಾಣದ ಕೀಲಿನಂತೆ ಲಟಕ್ಕೆಂದಿತು. "ರಜೆ ಮುಗಿದ ಮೇಲೆ ನಿಮ್ಮದು ತರೋಕೆ ಇಳೀತೀರಲ್ಲ, ಹಾಗೇ ನನ್ನದೂ ತಂದ್ಬಿಡಿ. ಕಾಲೊರಸಿನ ಮೇಲಿಟ್ಟು ಹೋದ್ರೆ ಸಾಕು. ಬೆಲ್ ಮಾತ್ರ ಮಾಡ್ಬೇಡಿ, ಆ ಹೊತ್ತಿಗೆ ಮಲಗಿರ್ತೀನಿ."